ಮೇಲೆ ಬಂದ ಕೂಡಲೇ ಡೈವ್ ಮುಗಿಯಿತಾ? ಡೈವಿಂಗ್ ಕಲಿಸುವವರನ್ನು ಕೇಳಿ

ಎಲ್ಲರಿಗೂ ನಮಸ್ಕಾರ. ನಾನು ವಾರವೆಲ್ಲ ಬೆಂಗಳೂರಿನ ಈಜುಕೊಳದಲ್ಲಿ ಸ್ಕೂಬಾ ಕಲಿಸುತ್ತೇನೆ. ಮಳೆಗಾಲ ಕಳೆದ ಮೇಲೆ ವಾರದ ಕೊನೆಗೆ ಕಲಿಯುವವರನ್ನು ಕರೆದುಕೊಂಡು ಮುರುಡೇಶ್ವರಕ್ಕೆ ಹೋಗುತ್ತೇನೆ, ಅಲ್ಲಿಂದ ಬೋಟಿನಲ್ಲಿ ಹೋಗುವ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಿಸುತ್ತೇನೆ. ಸಲಕರಣೆ ಬಗ್ಗೆ, ನೀರಿನ ಮೇಲ್ಮೈಯಲ್ಲಿ ಹುಷಾರಾಗಿರುವ ಬಗ್ಗೆ ಏನು ಬೇಕಾದರೂ ಕೇಳಿ.

ಪ್ರಶ್ನೆ: ಮೇಡಂ, ಹೋದ ತಿಂಗಳು ನೇತ್ರಾಣಿಯಲ್ಲಿ ಕೋರ್ಸ್ ಮುಗಿಸಿದೆ. ಮೇಲೆ ಬಂದ ಖುಷಿಗೆ ಮಾಸ್ಕ್ ಹಣೆಗೆ ಏರಿಸಿ, ಬೋಟಿನಲ್ಲಿದ್ದ ತಂಗಿಗೆ ಕೈ ಬೀಸಿದೆ. ಕಲಿಸುವವರು ಎಲ್ಲರ ಮುಂದೆ ಬೈದರು. ಅಷ್ಟಕ್ಕೇ ಬೈಬೇಕಿತ್ತಾ?

ಉತ್ತರ: ಎಲ್ಲರ ಮುಂದೆ ಬೈದಿದ್ದು ನಿಮಗೆ ಬೇಜಾರಾಗಿರಬಹುದು. ಆದರೆ ವಿಷಯ ಸಣ್ಣದಲ್ಲ.

ಕೈ ಬೀಸಿದ್ದು ಮೊದಲು ನೋಡೋಣ. ಡೈವಿಂಗ್ ಸನ್ನೆಯಲ್ಲಿ ಒಂದು ಕೈ ಎತ್ತಿ ಬೀಸಿದರೆ ‘ಕಾಪಾಡಿ’ ಅಂತ ಅರ್ಥ. ನಾಲ್ಕು ಜನ ಸುಮ್ನೆ ಬೀಸಿದರೆ, ಐದನೆಯವರು ನಿಜವಾಗಿ ಕಷ್ಟದಲ್ಲಿ ಬೀಸಿದಾಗ ಬೋಟಿನವರು ಅದನ್ನೂ ಟಾಟಾ ಅಂದುಕೊಳ್ಳುತ್ತಾರೆ. ಚೆನ್ನಾಗಿದ್ದೇನೆ ಅಂತ ಹೇಳಲು ಎರಡೂ ಕೈ ತಲೆಯ ಮೇಲೆ ಸೇರಿಸಿ ದೊಡ್ಡ ಸೊನ್ನೆ ಮಾಡಿ. ಒಂದು ಕೈ ಮಾತ್ರ ಖಾಲಿ ಇದ್ದರೆ ಅದನ್ನು ಬಾಗಿಸಿ ಬೆರಳ ತುದಿ ನೆತ್ತಿಗೆ ಮುಟ್ಟಿಸಿ.

ಇನ್ನು ಮಾಸ್ಕ್. ಹಣೆಯ ಮೇಲಿರುವ ಮಾಸ್ಕ್ ಒಂದೇ ಅಲೆಗೆ ಹೋಗಿಬಿಡುತ್ತದೆ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಗಾಬರಿಯಾದವರು ಮೊದಲು ಮಾಡುವ ಕೆಲಸವೇ ಮಾಸ್ಕ್ ಕೀಳುವುದು, ರೆಗ್ಯುಲೇಟರ್, ಅಂದರೆ ಸಿಲಿಂಡರಿನ ಗಾಳಿ ಉಸಿರಾಡಲು ಬಾಯಲ್ಲಿ ಕಚ್ಚಿಕೊಳ್ಳುವ ಸಾಧನ, ಉಗುಳುವುದು. ಹಾಗಾಗಿ ಯಾರದಾದರೂ ಹಣೆಯ ಮೇಲೆ ಮಾಸ್ಕ್ ಕಂಡರೆ ನಮ್ಮ ಎದೆ ಧಸಕ್ ಅನ್ನುತ್ತದೆ. ತೆಗೆಯಲೇಬೇಕು ಅನ್ನಿಸಿದರೆ ಕುತ್ತಿಗೆಗೆ ಇಳಿಸಿಕೊಳ್ಳಿ. ನನ್ನ ಕೇಳಿದರೆ ಬೋಟ್ ಹತ್ತುವ ತನಕ ಅದು ಮುಖದ ಮೇಲೇ ಇರಲಿ.

ಎರಡು ಸೀಸನ್ ಹಿಂದೆ ನಡೆದದ್ದು ಹೇಳುತ್ತೇನೆ. ಒಬ್ಬ ಹುಡುಗ, ಒಳ್ಳೆಯ ಈಜುಗಾರ. ಮೇಲೆ ಬಂದವನೇ ರೆಗ್ಯುಲೇಟರ್ ತೆಗೆದು ಕೆಳಗೆ ಕಂಡ ಮೀನಿನ ಬಗ್ಗೆ ಮಾತು ಶುರು ಮಾಡಿದ. ಬಿಸಿಡಿಗೆ, ಅಂದರೆ ಗಾಳಿ ತುಂಬುವ ಜಾಕೆಟ್ಟಿಗೆ, ಗಾಳಿ ಹಾಕಿರಲಿಲ್ಲ. ಒಂದು ಸಣ್ಣ ಅಲೆ ಬಾಯಿಗೆ ಹೊಡೆಯಿತು. ಕೆಮ್ಮು ಬಂತು. ಕೈಕಾಲು ಬಡಿಯತೊಡಗಿದ. ಎಡಗೈ ಹತ್ತಿರವೇ ಇದ್ದ, ಬಿಸಿಡಿಗೆ ಗಾಳಿ ತುಂಬುವ ಬಟನ್ ಒತ್ತುವುದು ಅವನಿಗೆ ಹೊಳೆಯಲೇ ಇಲ್ಲ. ನಾನು ಹಿಂದಿನಿಂದ ಹೋಗಿ ಸಿಲಿಂಡರ್ ಹಿಡಿದು ಅವನ ಬಿಸಿಡಿಗೆ ಗಾಳಿ ತುಂಬಿದೆ. ಹತ್ತು ಸೆಕೆಂಡಿನ ಕೆಲಸ. ಆಮೇಲೆ ಸಿಲಿಂಡರಿನ ಗಾಳಿಯ ಒತ್ತಡ ತೋರಿಸುವ ಗೇಜ್ ನೋಡಿದರೆ 80 ಬಾರ್ ಇತ್ತು. ಬೆನ್ನ ಮೇಲೆ ಅಷ್ಟು ಗಾಳಿ ಹೊತ್ತುಕೊಂಡು ಅವನು ಉಪ್ಪು ನೀರು ಕುಡಿಯುತ್ತಿದ್ದ.

ಅವತ್ತಿನಿಂದ ಮೊದಲ ಪಾಠದಲ್ಲೇ ಹೇಳುತ್ತೇನೆ. ತಲೆ ನೀರಿನಿಂದ ಹೊರಗೆ ಬಂತಾ, ಬಿಸಿಡಿಗೆ ಗಾಳಿ ಹಾಕಿ. ಆಮೇಲೆ ಬೋಟ್ ಎಲ್ಲಿದೆ ಅಂತ ನೋಡಿ, ಆಮೇಲೆ ಸನ್ನೆ ಮಾಡಿ. ಮಾತು ಬೋಟಿನಲ್ಲಿ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನುವ ಹಾಗೆ ಮೇಲೆ ಬಂದ ತಕ್ಷಣ ಎಲ್ಲ ಬಿಚ್ಚಲು ಹೊರಡುತ್ತಾರೆ. ಹೊಳೆ ಇನ್ನೂ ದಾಟಿರುವುದಿಲ್ಲ, ಅಲ್ವಾ?

ಪ್ರಶ್ನೆ: ಸಿಲಿಂಡರ್ ಪೂರ್ತಿ ಖಾಲಿಯಾಗಿದ್ದರೆ ಬಟನ್ ಒತ್ತಿದರೂ ಗಾಳಿ ಬರಲ್ಲ. ಆಗ ಏನು ಮಾಡೋದು ಅಕ್ಕ?

ಉತ್ತರ: ಬಾಯಿಂದ ಊದಬೇಕು. ಬಿಸಿಡಿಗೆ ಗಾಳಿ ಹೋಗುವ ಇನ್‌ಫ್ಲೇಟರ್ ಪೈಪಿನ ತುದಿ ಬಾಯಿಗಿಟ್ಟು, ಗಾಳಿ ಬಿಡುವ ಬಟನ್ ಒತ್ತಿಕೊಂಡು ಊದಿ. ಬಾಯಿ ತೆಗೆಯುವ ಮೊದಲು ಬಟನ್ ಬಿಡಿ, ಇಲ್ಲದಿದ್ದರೆ ಊದಿದ್ದೆಲ್ಲ ಹೊರಗೆ ಹೋಗುತ್ತದೆ. ಕಾಲಿಗೆ ಹಾಕಿದ ಈಜುರೆಕ್ಕೆ, ಅಂದರೆ ಫಿನ್, ಒದೆಯುತ್ತಾ ತಲೆ ಎತ್ತಿ ಉಸಿರು ತಗೊಳ್ಳಿ, ಊದುವಾಗ ತುಸು ಮುಳುಗಿದರೂ ಪರವಾಗಿಲ್ಲ. ನಾಲ್ಕೈದು ಸಲ ಊದಿದರೆ ತೇಲಲು ಶುರುವಾಗುತ್ತೀರಿ. ಕೋರ್ಸಿನಲ್ಲಿ ಒಂದು ಸಲ ಮಾಡಿ ಮರೆತುಬಿಡುತ್ತಾರೆ. ಈಜುಕೊಳಕ್ಕೆ ಬಂದಾಗಲೆಲ್ಲ ಒಂದು ಸಲ ಮಾಡಿ.

ಅದೂ ಆಗದಿದ್ದರೆ ಮುಳುಗಲೆಂದು ಸೊಂಟಕ್ಕೆ ಕಟ್ಟಿದ ಸೀಸದ ತೂಕದ ಬೆಲ್ಟ್ ಬಿಚ್ಚಿ, ಮೈಯಿಂದ ದೂರ ಹಿಡಿದು, ಕೈ ಬಿಡಿ. ಬಾಡಿಗೆ ಬೆಲ್ಟು, ಕಳೆದುಹೋದರೆ ದುಡ್ಡು ಕೊಡಬೇಕು ಅಂತ ಯೋಚಿಸಬೇಡಿ. ಡೈವಿಂಗ್ ಸಾವಿನ ವರದಿಗಳನ್ನು ಓದಿದರೆ ಮತ್ತೆ ಮತ್ತೆ ಕಾಣುವ ಮಾತು ಒಂದೇ: ತೂಕ ಸೊಂಟದಲ್ಲೇ ಇತ್ತು. ಓದುವಾಗ ಹೊಟ್ಟೆ ಉರಿಯುತ್ತದೆ. ನನ್ನ ಜೊತೆ ಬಂದವರು ಬೆಲ್ಟ್ ಬಿಟ್ಟರೆ ನಾನು ಒಂದು ಮಾತೂ ಕೇಳುವುದಿಲ್ಲ.

ಪ್ರಶ್ನೆ: ಬೆಂಗಳೂರಿನ ಈಜುಕೊಳದಲ್ಲಿ 4 ಕೆ.ಜಿ. ಸಾಕಾಗಿತ್ತು. ಸಮುದ್ರದಲ್ಲಿ ಮುಳುಗಲೇ ಆಗಲಿಲ್ಲ. ಕೊನೆಗೆ 8 ಕೆ.ಜಿ. ಕಟ್ಟಿದರು. ಅಷ್ಟು ಬೇಕಾ?

ಉತ್ತರ: ಸ್ವಲ್ಪ ಜಾಸ್ತಿ ಬೇಕು, ಆದರೆ ಅಷ್ಟೊಂದು ಬೇಕಾಗಿರಲಿಲ್ಲ ಅನ್ನಿಸುತ್ತದೆ. ಸಮುದ್ರದ ನೀರು ಸಿಹಿನೀರಿಗಿಂತ ಶೇಕಡಾ 2.5ರಷ್ಟು ಭಾರ. ಸಲಕರಣೆ ಸೇರಿ ನಿಮ್ಮ ತೂಕ 90 ಕೆ.ಜಿ. ಇದ್ದರೆ, ಅದೇ ಸಲಕರಣೆಗೆ ಸುಮಾರು 2 ಕೆ.ಜಿ. ಹೆಚ್ಚು ಸೀಸ ಸಾಕು. ದಪ್ಪ ವೆಟ್‌ಸೂಟ್ ಹಾಕಿದ್ದರೆ ಇನ್ನೂ ಸ್ವಲ್ಪ. ಇಳಿಯುವಾಗ ಹೆದರಿಕೆಗೆ ಎದೆ ತುಂಬ ಉಸಿರು ಹಿಡಿದುಕೊಂಡರೂ ಮುಳುಗುವುದಿಲ್ಲ. ಹೊಸಬರಲ್ಲಿ ಬಹಳ ಸಲ ಅದೇ ಕಾರಣ. ನಿಧಾನವಾಗಿ ಪೂರ್ತಿ ಉಸಿರು ಬಿಡಿ, ಇಳಿಯುತ್ತೀರಿ.

ಸರಿಯಾದ ತೂಕ ಡೈವ್ ಮುಗಿದಾಗ ನೋಡಿ, ಶುರುವಿನಲ್ಲಿ ಅಲ್ಲ. 11 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಗಾಳಿ ತುಂಬಿದರೆ ಆ ಗಾಳಿಯದೇ ತೂಕ ಎರಡೂವರೆ ಕೆ.ಜಿ. ಹತ್ತಿರ. ಡೈವ್ ಮುಗಿಯುವಾಗ ಅದರಲ್ಲಿ ಮುಕ್ಕಾಲು ಪಾಲು ಹೋಗಿರುತ್ತದೆ, ನೀವು ಹಗುರಾಗಿರುತ್ತೀರಿ. ಆದ್ದರಿಂದ 50 ಬಾರ್ ಉಳಿದಿರುವಾಗ, ಬೋಟಿನ ಹಗ್ಗದ ಪಕ್ಕದಲ್ಲೇ ಬಿಸಿಡಿ ಖಾಲಿ ಮಾಡಿ ನೋಡಿ. ಸಾಮಾನ್ಯ ಉಸಿರು ಹಿಡಿದಾಗ ನೀರು ಕಣ್ಣಿನ ಮಟ್ಟಕ್ಕೆ ಇರಬೇಕು, ಬಿಟ್ಟಾಗ ಮೆಲ್ಲಗೆ ಮುಳುಗಬೇಕು. ಆ ಲೆಕ್ಕ ಒಂದು ಪುಸ್ತಕದಲ್ಲಿ ಬರೆದಿಡಿ. ಜಾಸ್ತಿ ಸೀಸ ಕಟ್ಟಿದವರೇ ಮೇಲೆ ಬಂದಾಗ ತೇಲಲು ಒದ್ದಾಡುವುದು.

ಪ್ರಶ್ನೆ: ಬೋಟಿನಿಂದ ನೀರಿಗೆ ಇಳಿಯುವ ಮೊದಲು ನೀವು ತಪ್ಪದೆ ನೋಡುವುದು ಯಾವುದು?

ಉತ್ತರ: ಗೇಜಿನ ಮುಳ್ಳು ನೋಡುತ್ತಾ ರೆಗ್ಯುಲೇಟರಿನಿಂದ ಮೂರು ನಾಲ್ಕು ಸಲ ಉಸಿರು ಎಳೆಯುತ್ತೇನೆ. ಮುಳ್ಳು ಅಲ್ಲಾಡಬಾರದು. ಉಸಿರು ಎಳೆದಾಗ ಇಳಿದು ಮತ್ತೆ ಏರಿದರೆ ಸಿಲಿಂಡರ್ ವಾಲ್ವ್ ಪೂರ್ತಿ ತೆರೆದಿಲ್ಲ ಅಂತ. ಮೇಲೆ ಏನೂ ಗೊತ್ತಾಗುವುದಿಲ್ಲ, ಕೆಳಗೆ ಹೋದ ಮೇಲೆ ಉಸಿರು ಬಿಗಿಯಾಗುತ್ತದೆ. ಪೂರ್ತಿ ತಿರುಗಿಸಿ ಕಾಲು ಸುತ್ತು ಹಿಂದಕ್ಕೆ ತಿರುಗಿಸುವ ಹಳೇ ಅಭ್ಯಾಸ ಬಿಡಿ. ಆ ಕಾಲು ಸುತ್ತು ಯಾವ ಕಡೆಗೆ ಅಂತ ಗೊಂದಲವಾಗಿ ವಾಲ್ವ್ ಮುಚ್ಚಿದವರಿದ್ದಾರೆ.

ಪ್ರಶ್ನೆ: ನೇತ್ರಾಣಿ ಬೋಟಿನಲ್ಲಿ ನನಗೆ ವಾಂತಿ. ನೀರಿನಲ್ಲಿ ಬಂದರೆ?

ಉತ್ತರ: ರೆಗ್ಯುಲೇಟರ್ ಕೈಯಲ್ಲಿ ಒತ್ತಿ ಹಿಡಿದುಕೊಂಡು ಅದರೊಳಗೇ ಮಾಡಿ. ನಾಚಿಕೆ ಬೇಡ. ವಾಂತಿಯ ಬೆನ್ನಿಗೇ ಜೋರಾಗಿ ಉಸಿರು ಎಳೆಯುತ್ತೇವೆ, ಆಗ ಬಾಯಲ್ಲಿ ಗಾಳಿ ಇರಬೇಕು, ನೀರಲ್ಲ. ಆಮೇಲೆ ರೆಗ್ಯುಲೇಟರಿನ ಮುಂದಿರುವ ಪರ್ಜ್ ಬಟನ್ ಒತ್ತಿ, ಅಂದರೆ ಗಾಳಿ ರಭಸದಿಂದ ಬಿಟ್ಟು, ತೊಳೆಯಿರಿ.

ಪ್ರಶ್ನೆ: ಮೆಟ್ಟಿಲು ಹತ್ತುವಾಗ ಫಿನ್ ಯಾವಾಗ ಬಿಚ್ಚಬೇಕು?

ಉತ್ತರ: ಒಂದು ಕೈ ಮೆಟ್ಟಿಲನ್ನೋ ಹಗ್ಗವನ್ನೋ ಗಟ್ಟಿಯಾಗಿ ಹಿಡಿದ ಮೇಲೆ. ಮೊದಲೇ ಬಿಚ್ಚಿ ಕೈ ಜಾರಿದರೆ, ಸೆಳೆತದಲ್ಲಿ ವಾಪಸ್ ಬರಲು ಕಾಲಿಗೆ ಬಲ ಇರುವುದಿಲ್ಲ. ಮುಂದಿನವರು ಹತ್ತುವಾಗ ಅವರ ಕೆಳಗೆ ಕಾಯಬೇಡಿ. ಜಾರಿದರೆ ಸಿಲಿಂಡರ್ ಸಮೇತ ನಿಮ್ಮ ತಲೆಯ ಮೇಲೇ ಬೀಳುತ್ತಾರೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ಟೆರೇಸಿನಲ್ಲಿ ಸಲಕರಣೆ ಒಣಗಿಸಬಹುದಾ?

ಉತ್ತರ: ನೆರಳಿದ್ದರೆ ಸರಿ. ಬಿಸಿಲಿಗೆ ಮಾಸ್ಕಿನ ಸಿಲಿಕೋನ್, ರಬ್ಬರ್ ಹಾಳಾಗುತ್ತವೆ. ಬಿಸಿಡಿ ಒಳಗೂ ಸಿಹಿನೀರು ಹಾಕಿ ಕುಲುಕಿ ಚೆಲ್ಲಿ, ಅರ್ಧ ಗಾಳಿ ತುಂಬಿಸಿ ತೂಗುಹಾಕಿ. ಇನ್‌ಫ್ಲೇಟರ್ ಬಟನ್ನಿನಲ್ಲಿ ಉಪ್ಪು ಕೂತರೆ ಅದು ಅಂಟಿಕೊಂಡು ತಾನಾಗಿಯೇ ಗಾಳಿ ತುಂಬತೊಡಗಬಹುದು, ಅಲ್ಲಿ ಚೆನ್ನಾಗಿ ತೊಳೆಯಿರಿ. ರೆಗ್ಯುಲೇಟರ್ ತೊಳೆಯುವ ಮೊದಲು ಅದು ಸಿಲಿಂಡರಿಗೆ ಸೇರುವ ಕಡೆಯ ಮುಚ್ಚಳ, ಅಂದರೆ ಡಸ್ಟ್ ಕ್ಯಾಪ್, ಒರೆಸಿ ಬಿಗಿ ಮಾಡಿ, ನೀರಿನಲ್ಲಿರುವಾಗ ಪರ್ಜ್ ಒತ್ತಬೇಡಿ.

ಪ್ರಶ್ನೆ: ಭಾನುವಾರ ಮಧ್ಯಾಹ್ನ ಎರಡನೇ ಡೈವ್ ಮುಗಿಸಿ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಬರುತ್ತೇವೆ. ವಿಮಾನ ಅಲ್ಲವಲ್ಲ, ತೊಂದರೆ ಇಲ್ಲ ತಾನೇ?

ಉತ್ತರ: ಇದನ್ನು ಕೇಳಿದ್ದು ತುಂಬ ಒಳ್ಳೆಯದಾಯಿತು. ಬಸ್ಸು ಘಟ್ಟ ಹತ್ತುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಡೈವಿನಲ್ಲಿ ಮೈಯೊಳಗೆ ಸೇರಿದ ನೈಟ್ರೋಜನ್ ಹೊರಗೆ ಹೋಗುವ ಮೊದಲೇ ಗಾಳಿಯ ಒತ್ತಡ ಕಡಿಮೆಯಾದರೆ ಅದು ಗುಳ್ಳೆಯಾಗಬಹುದು. ವಿಮಾನಕ್ಕೆ ಹೇಳುವ ಕಾಯುವ ಹೊತ್ತು, ಅಂದರೆ ಒಂದು ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ, ಸುಮಾರು 600ರಿಂದ 2,400 ಮೀಟರ್ ಎತ್ತರದ ಒತ್ತಡಕ್ಕೆ ಮಾಡಿದ್ದು. ನಮ್ಮೂರು ಅದರೊಳಗೇ ಬರುತ್ತದೆ. ಒಂದು ಗಂಟೆಗೆ ಡೈವ್ ಮುಗಿಸಿ ಎಂಟಕ್ಕೆ ಬಸ್ ಹತ್ತಿದರೆ ನಡುವೆ ಸಿಗುವುದು ಏಳೇ ಗಂಟೆ. ಬಹಳ ಜನ ಹಾಗೇ ಬರುತ್ತಾರೆ, ಏನೂ ಆಗಿಲ್ಲ ಅನ್ನುತ್ತಾರೆ. ನಾನು ಕರೆದುಕೊಂಡು ಹೋದವರನ್ನು ಹಾಗೆ ಕರೆತರುವುದಿಲ್ಲ.

ಪ್ರಶ್ನೆ: ಹಾಗಾದರೆ ಶನಿವಾರ ಡೈವ್, ಭಾನುವಾರ ರಾತ್ರಿ ಬಸ್?

ಉತ್ತರ: ಹೌದು. ಶುಕ್ರವಾರ ರಾತ್ರಿ ಹೊರಟರೆ ಸೋಮವಾರದ ಆಫೀಸೂ ತಪ್ಪುವುದಿಲ್ಲ. ಭಾನುವಾರ ದೇವಸ್ಥಾನ ನೋಡಿ, ಸಲಕರಣೆ ನೆರಳಲ್ಲಿ ಒಣಗಿಸಿ, ನೀರು ಚೆನ್ನಾಗಿ ಕುಡಿಯಿರಿ. ಊರಿಗೆ ಬಂದ ಮೇಲೆ ಭುಜ, ಮೊಣಕೈ ನೋವು, ಕೈಕಾಲು ಜುಮುಗುಟ್ಟುವುದು, ವಿಪರೀತ ಸುಸ್ತು ಕಂಡರೆ ಅದು ಆ ಗುಳ್ಳೆಗಳಿಂದ ಇರಬಹುದು, ಬ್ಯಾಗ್ ಹೊತ್ತಿದ್ದಕ್ಕೆ ಅಂತ ಮಲಗಿಬಿಡಬೇಡಿ. ಆಸ್ಪತ್ರೆಗೆ ಹೋಗಿ. ‘ನಾನು ಡೈವ್ ಮಾಡಿ ಬಂದಿದ್ದೇನೆ’ ಅಂತ ನೀವೇ ಮೊದಲು ಹೇಳಿ, ಆಮ್ಲಜನಕ ಕೊಡಿ ಅಂತ ಕೇಳಿ. ಸಮುದ್ರದಿಂದ ಇಷ್ಟು ದೂರದಲ್ಲಿ ಡಾಕ್ಟರಿಗೆ ಅದು ತಾನಾಗಿ ಹೊಳೆಯಲಿಕ್ಕಿಲ್ಲ.