ರಾಯಭಾರಿಯೋ, ರಾಯಬಾರಿಯೋ?

ಗೆಳೆಯರೇ,

ಹೋದ ತಿಂಗಳು ಮದ್ದೂರು ಹತ್ತಿರದ ನಮ್ಮೂರಲ್ಲಿ ಕುರುಕ್ಷೇತ್ರ ನಾಟಕ ಇತ್ತು. ಅವತ್ತಿನಿಂದ ಒಂದು ಪದ ತಲೆಯಲ್ಲಿ ಕೊರೀತಿದೆ. ಬಲ್ಲವರು ಹೇಳಿ.

ನಮ್ಮ ಕಡೆ ನಾಟಕ ಅಂದರೆ ಮೊದಲು ಅತಿಥಿಗಳ ಭಾಷಣ, ಶಾಲು, ಹಾರ. ಅವತ್ತು ಬಂದಿದ್ದ ರಾಜಕಾರಣಿ ನಾಲೆ ನೀರು, ಕಬ್ಬಿನ ಬಾಕಿ ಬಗ್ಗೆ ಚೆನ್ನಾಗಿಯೇ ಮಾತಾಡಿದರು. ಆಮೇಲೆ ಪೆಟ್ರೋಲ್ ರೇಟಿಗೆ ಬಂದರು. ಅಲ್ಲಿಂದ ಸೀದಾ ಯುದ್ಧಕ್ಕೆ. "ಯುದ್ಧ ಮಾಡೋ ದೇಶದ ರಾಯಭಾರಿನ ಕರೆಸಿ ಎರಡು ದಿನ ಒಳಗೆ ಹಾಕ್ಲಿ, ರೇಟು ತಾನಾಗೇ ಇಳೀತದೆ" ಅಂದರು. ಚಪ್ಪಾಳೆಯೂ ಬಿತ್ತು. ನನಗೆ ಮೈ ಉರಿದು ಹೋಯಿತು. ರಾಯಭಾರಿಯನ್ನು ಬಂಧಿಸುವ ಹಾಗೇ ಇಲ್ಲ, 1961ರ ವಿಯೆನ್ನಾ ಒಪ್ಪಂದದ 29ನೇ ವಿಧಿ ಅದನ್ನೇ ಹೇಳೋದು. ಬೇಡವಾದರೆ ಅವರ ದೇಶಕ್ಕೆ ವಾಪಸ್ ಕಳಿಸಬಹುದು, ಅಷ್ಟೇ. ಮೈಕು ಹಿಡಿಯುವವರಿಗೆ ಇಷ್ಟಾದರೂ ಗೊತ್ತಿರಬೇಡವಾ?

ರಾತ್ರಿ ಎರಡು ಗಂಟೆ ಹೊತ್ತಿಗೆ ಸಂಧಾನದ ಸೀನು ಬಂತು. ಕೃಷ್ಣನ ಪಾರ್ಟು ಆಲೆಮನೆ ನಡೆಸುವ ನಮ್ಮ ದೊಡ್ಡಪ್ಪನ ಮಗನದು. ಐದು ಊರು ಕೊಟ್ಟರೆ ಸಾಕು ಅಂತ ರಾಗ ಎಳೆದು ಕೇಳಿದ. ದುರ್ಯೋಧನ "ಕಟ್ಟಿ ಹಾಕಿ ಇವನನ್ನ" ಅಂದ. ನನ್ನ ಪಕ್ಕ ಕಂಬಳಿ ಹೊದ್ದು ಕೂತಿದ್ದ ಅಜ್ಜ ಎದ್ದೇ ನಿಂತರು. "ಲೇ, ರಾಯಬಾರಿನ ಕಟ್ಟಾರೇನ್ಲಾ!" ಅತಿಥಿಗಳು ಆಗಲೇ ಕಾರು ಹತ್ತಿ ಹೋಗಿದ್ದರು.

ಈಗ ಪದಕ್ಕೆ ಬರ್ತೀನಿ. ಅಜ್ಜ ಅಂದದ್ದು ರಾಯಬಾರಿ, ಬರೀ 'ಬ'. ನಮ್ಮ ಕಡೆ ಭೂಮಿಯೂ ಬೂಮಿಯೇ, ಹಾಗಾಗಿ ಅದೊಂದನ್ನೇ ಸಾಕ್ಷಿ ಅನ್ನೋಕಾಗಲ್ಲ. ಆದರೆ ತೆಲುಗಿನಲ್ಲಿ ಬರೆಯುವುದೇ ರಾಯಬಾರಿ ಅಂತ. 'ರಾಯ' ಅನ್ನೋದು 'ರಾಜ'ದ ತದ್ಭವ, ಸರಿ. 'ಬಾರಿ' ಏನು? 'ಭಾರ ಹೊರುವವನು' ಅಂತ ಆಮೇಲೆ ಯಾರೋ ಅರ್ಥ ಕಟ್ಟಿ ಮಹಾಪ್ರಾಣ ಹಾಕಿದರಾ, ಅಥವಾ ಮೊದಲಿಂದ ಇದ್ದದ್ದೇ ತೆಲುಗಿನಲ್ಲಿ ಸವೆಯಿತಾ?

ಇನ್ನೊಂದು ತಕರಾರು. 2025ರಲ್ಲಿ ಮೈಸೂರು ಸ್ಯಾಂಡಲ್ ಸೋಪಿಗೆ ನಟಿ ತಮನ್ನಾ ಅವರನ್ನು ಆರಿಸಿದಾಗ ಪೇಪರಿನಲ್ಲೂ ಟೀವಿಯಲ್ಲೂ ಬಂದ ಪದ ಇದೇ, ರಾಯಭಾರಿ. ಸೋಪಿಗೂ ರಾಯಭಾರಿ, ಮತದಾನದ ಜಾಗೃತಿಗೂ ರಾಯಭಾರಿ. ಆ ರಾಜಕಾರಣಿಯ ತಲೆಯಲ್ಲಿ ಇದ್ದದ್ದೂ ಜಾಹೀರಾತಿನವರೇ ಇರಬೇಕು ಅಂತ ನನಗೆ ಗುಮಾನಿ.

ಪದ ಹೀಗೆ ಜಾರೋದು ಹೊಸತೇನಲ್ಲ ಬಿಡಿ. ಟಿಪ್ಪು ಕಳಿಸಿದ ಮೂವರು 1788ರಲ್ಲಿ ವರ್ಸೇಲ್ಸ್‌ನಲ್ಲಿ ಫ್ರಾನ್ಸಿನ ದೊರೆ 16ನೇ ಲೂಯಿಯನ್ನು ಕಂಡಿದ್ದರು. ಆ ಕಾಲದ ದರ್ಬಾರುಗಳಲ್ಲಿ ಇಂಥವರಿಗೆ ವಕೀಲರು ಅನ್ನುತ್ತಿದ್ದರು. ಈಗ ಶ್ರೀರಂಗಪಟ್ಟಣದಲ್ಲಿ ವಕೀಲರು ಬೇಕು ಅಂದರೆ ಕೋರ್ಟಿನ ದಾರಿ ತೋರಿಸ್ತಾರೆ. ವಕೀಲ ಕೋರ್ಟಿಗೆ ಹೋದ, ರಾಯಭಾರಿ ಸೋಪಿಗೆ ಹೋಗ್ತಿದ್ದಾನೆ. ಜಾಹೀರಾತಿನವರಿಗೆ 'ಪ್ರಚಾರಕ' ಅಂದರೆ ಸಾಲದಾ? ಅಥವಾ ಸುಮ್ನೆ ನಾನೇ ಜಾಸ್ತಿ ತಲೆ ಕೆಡಿಸಿಕೊಂಡಿದ್ದೀನಾ?

ಕರಾವಳಿಯವರೇ, ಯಕ್ಷಗಾನದ ಕೃಷ್ಣ ಸಂಧಾನದಲ್ಲಿ ಅರ್ಥಧಾರಿಗಳು ಏನಂತಾರೆ, 'ಬಾ'ನೋ 'ಭಾ'ನೋ? ಹಳೇ ತಾಳೆಗರಿ, ಶಾಸನ ಓದಿದವರಿಗೆ ಯಾವ ರೂಪ ಸಿಕ್ಕಿದೆ ಅನ್ನೋದನ್ನೂ ತಿಳಿಸಿ.