ಆಡು ಸಾಕುವವಳು ನಾನು, ವಿಮೆ ಯಜಮಾನರ ಹೆಸರಿಗೆ

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮಲ್ಲಿ ಹದಿನಾಲ್ಕು ಆಡುಗಳಿವೆ. ಮೇವು, ನೀರು, ಬಾಣಂತನ, ಔಷಧ ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತೇನೆ. ವಿಮೆ ಮಾತ್ರ ಯಜಮಾನರ ಹೆಸರಿನಲ್ಲಿದೆ. ಎರಡು ಆಡು ಸತ್ತಾಗ ಅವರು ದೂರದ ಕೆಲಸದಲ್ಲಿದ್ದರು. ನಾನು ತಿಳಿಸಲು ಹೋದರೆ ಪಾಲಿಸಿದಾರರೇ ಬರಬೇಕೆಂದರು. ಅವರು ಬರುವಷ್ಟರಲ್ಲಿ ಕಳೇಬರ ಕೊಳೆತಿದ್ದರಿಂದ ಪರಿಹಾರ ಸಿಗಲಿಲ್ಲ. ಉಪಗ್ರಹ ನೋಡಿ ಹಣ ಕೊಡುವ ವಿಮೆಯಾದರೆ ಈ ತೊಂದರೆ ಇಲ್ಲವೇ?

ಉತ್ತರ: ಅಮ್ಮಾ, ನಿಮ್ಮ ಪತ್ರ ಓದಿ ನಿಜಕ್ಕೂ ನೋವಾಯಿತು. ಸತ್ತ ಪ್ರಾಣಿಯ ಕಿವಿಯ ಓಲೆಯನ್ನು, ಅಂದರೆ ವಿಮೆಯ ಗುರುತಿನ ಸಂಖ್ಯೆಯಿರುವ ಬಿಲ್ಲೆಯನ್ನು, ಕೈಯಲ್ಲಿ ಹಿಡಿದು ನಿಂತ ಹೆಂಗಸನ್ನು ವಾಪಸು ಕಳುಹಿಸುವುದನ್ನು ನಾನೂ ಕಂಡಿದ್ದೇನೆ. ಪ್ರಾಣಿ ಸತ್ತರೆ ಯಾರಿಗೆ ಹಣದ ನಷ್ಟವಾಗುತ್ತದೆಯೋ ಅವರು ಅದಕ್ಕೆ ವಿಮೆ ಮಾಡಿಸಬಹುದೆಂಬುದೇ ವಿಮೆಯ ಮೂಲ ತತ್ತ್ವ. ಅದರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಆದರೆ ಒಡೆತನವನ್ನು ಮನೆಯ ಯಜಮಾನನ ಹೆಸರಿನಲ್ಲೇ ಬರೆದುಕೊಳ್ಳುವ ರೂಢಿ ಇರುವಲ್ಲಿ ಆ ತತ್ತ್ವ ಅರ್ಜಿಯ ಮೊದಲ ಸಾಲಿನಲ್ಲೇ ಸೋಲುತ್ತದೆ.

ನೀವು ಹೇಳುವ, ಉಪಗ್ರಹದ ಅಳತೆಯನ್ನು ಆಧರಿಸಿದ ಜಾನುವಾರು ವಿಮೆಗೆ ಸೂಚ್ಯಂಕ ವಿಮೆ ಎನ್ನುತ್ತಾರೆ. ಅದು 2010ರಲ್ಲಿ ಕೀನ್ಯಾದ ಮಾರ್ಸಬಿಟ್‌ನಲ್ಲಿಯೂ 2012ರಲ್ಲಿ ಇಥಿಯೋಪಿಯಾದ ಬೊರಾನಾದಲ್ಲಿಯೂ ಆರಂಭವಾಯಿತು. ಹುಲ್ಲುಗಾವಲಿನ ಹಸಿರನ್ನು ಉಪಗ್ರಹ ಅಳೆಯುತ್ತದೆ. ಅದು ನಿಗದಿತ ಮಟ್ಟಕ್ಕಿಂತ ಇಳಿದರೆ ಆ ಪ್ರದೇಶದ ಪಾಲಿಸಿದಾರರಿಗೆಲ್ಲ ಹಣ ಬರುತ್ತದೆ. ಕಳೇಬರ ತೋರಿಸಬೇಕಿಲ್ಲ, ಮರಣೋತ್ತರ ಪರೀಕ್ಷೆಯೂ ಬೇಡ. ನಿಮ್ಮಂಥವರಿಗೆ ಇದು ದೊಡ್ಡ ಅನುಕೂಲವೇ. ಆದರೂ ಅದು ಬರಕ್ಕೆ ಮಾತ್ರ ಅನ್ವಯಿಸುತ್ತದೆ. ರೋಗದಿಂದ ಸತ್ತ ಆಡಿಗೆ ಏನೂ ಸಿಗದು. ಅಲ್ಲದೆ ವಿಷಯ ತಿಳಿಸುವ ಸಭೆ ಗಂಡಸರು ಸೇರುವ ಕಡೆ ನಡೆದರೆ, ಸಂದೇಶ ಗಂಡನ ಮೊಬೈಲಿಗೆ ಬಂದರೆ, ಉಪಗ್ರಹ ಎಷ್ಟು ನಿಷ್ಪಕ್ಷಪಾತವಾಗಿ ಅಳೆದರೂ ಹೆಂಗಸಿಗೆ ಸುದ್ದಿಯೇ ಮುಟ್ಟುವುದಿಲ್ಲ. ಕಂತು ಕಟ್ಟುವ ಕಾಲದಲ್ಲಿ ಅವಳ ಕೈಯಲ್ಲಿ ಕಾಸಿರುತ್ತದೆಯೇ ಎಂಬುದನ್ನು ಯೋಜನೆ ರೂಪಿಸುವವರು ಕೇಳುವುದೂ ಅಪರೂಪ. ನನ್ನ ದೃಷ್ಟಿಯಲ್ಲಿ ಇದೇ ಅತಿ ದೊಡ್ಡ ಲೋಪ.

ಪ್ರಶ್ನೆ: ಹಾಗಾದರೆ ಈಗ ನಾನೇನು ಮಾಡಲಿ, ಮೇಡಂ? ಜಂಟಿ ಹೆಸರು ಸಾಕೇ?

ಉತ್ತರ: ಜಂಟಿ ಹೆಸರಿದ್ದರೂ ಪರಿಹಾರ ಯಾರ ಖಾತೆಗೆ ಬರುತ್ತದೆ, ನಷ್ಟವನ್ನು ತಿಳಿಸುವ ಅಧಿಕಾರ ಇಬ್ಬರಿಗೂ ಇದೆಯೇ ಎಂಬ ಎರಡನ್ನು ಬರಹದಲ್ಲಿ ಕೇಳಿ ಪಡೆಯಿರಿ. ಸಾಧ್ಯವಾದರೆ ಆಡುಗಳಷ್ಟನ್ನಾದರೂ ನಿಮ್ಮ ಹೆಸರಿಗೇ ಬರೆಸಿ, ನಿಮ್ಮದೇ ಖಾತೆ ಮತ್ತು ಮೊಬೈಲ್ ಸಂಖ್ಯೆ ಕೊಡಿ. ಓಲೆ ಹಾಕಿದ ದಿನವೇ ಪ್ರತಿ ಆಡಿನ ಮುಖ ಮತ್ತು ಓಲೆಯ ಸಂಖ್ಯೆ ಕಾಣುವಂತೆ ಫೋಟೋ ತೆಗೆದಿಡಿ. ಆಡು ಸತ್ತರೆ ಹೂಳುವ ಮುನ್ನ ಪಶುವೈದ್ಯರಿಗೂ ವಿಮಾ ಕಚೇರಿಗೂ ತಿಳಿಸಿ, ಕರೆ ಮಾಡಿದ ಹೊತ್ತನ್ನು ಬರೆದುಕೊಳ್ಳಿ.