ಡೇಟಾ ಬ್ಯಾಂಕಿನಲ್ಲಿ ಗದ್ದೆಯೆಂದಿರುವ ಅಡಿಕೆ ತೋಟದಲ್ಲಿ ಮನೆ: ಯಾವ ಅರ್ಜಿ?

ಬೈಲಕರೆ:
ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಸೀಮೆಯ ನಮ್ಮ ಊರಿನಲ್ಲಿ ಅಜ್ಜನ ಕಾಲದ 18 ಸೆಂಟ್ಸ್ ಜಾಗವಿದೆ. ಒಂದು ಕಾಲದಲ್ಲಿ ಗದ್ದೆಯಾಗಿದ್ದ ಇದಕ್ಕೆ 2003ರ ಸುಮಾರಿಗೆ ಮಣ್ಣು ಹಾಕಿ ಅಡಿಕೆ ನೆಟ್ಟಿದ್ದಾರೆ. ತಮ್ಮ ಅಲ್ಲಿ ಮನೆ ಕಟ್ಟಲು ಹೊರಟಾಗ, ಭೂಮಿಯು ಡೇಟಾ ಬ್ಯಾಂಕಿನಲ್ಲಿ (ಗದ್ದೆ, ಜೌಗು ಭೂಮಿಗಳ ಸರಕಾರಿ ಪಟ್ಟಿಯಲ್ಲಿ) ಗದ್ದೆಯೆಂದೇ ಸೇರಿದೆ ಎಂಬ ಕಾರಣಕ್ಕೆ ಪರವಾನಿಗೆ ಸಿಗಲಿಲ್ಲ. ಯಾರದೋ ಮಾತು ಕೇಳಿ ಸಲ್ಲಿಸಿದ ಫಾರ್ಮ್ 6 ಕೂಡ ತಿರಸ್ಕೃತವಾಯಿತು. ಹತ್ತು ಸೆಂಟ್ಸಿಗೆ ವಿನಾಯಿತಿ ಇದೆ ಎಂದು ನೆರೆಯವರು ಹೇಳುತ್ತಾರೆ. ಮುಂದೇನು ಮಾಡಬೇಕು?

ಹಳೆಯ ಗುಮಾಸ್ತ:
ಫಾರ್ಮ್ 6 ಇರುವುದು ಡೇಟಾ ಬ್ಯಾಂಕಿನಲ್ಲಿ ಇಲ್ಲದ, ಆದರೆ ಕಂದಾಯ ದಾಖಲೆಯಲ್ಲಿ ಮಾತ್ರ ‘ನಿಲಂ’ (ಗದ್ದೆ) ಎಂದು ಉಳಿದಿರುವ ಭೂಮಿಗೆ. ಆದ್ದರಿಂದ ಅದು ತಿರಸ್ಕೃತವಾದದ್ದರಲ್ಲಿ ಆಶ್ಚರ್ಯವಿಲ್ಲ. ನೀವು ಮೊದಲು ಫಾರ್ಮ್ 5ರಲ್ಲಿ ಆರ್.ಡಿ.ಒ. (ಕಂದಾಯ ವಿಭಾಗಾಧಿಕಾರಿ) ಅವರಿಗೆ ಅರ್ಜಿ ಹಾಕಿ ಜಾಗವನ್ನು ಡೇಟಾ ಬ್ಯಾಂಕಿನಿಂದ ತೆಗೆಸಬೇಕು. ಅದಾದ ಮೇಲೆ 4.04 ಆರ್ ಒಳಗೆ, ಅಂದರೆ ಸುಮಾರು ಹತ್ತು ಸೆಂಟ್ಸಿನಲ್ಲಿ, 120 ಚದರ ಮೀಟರ್ ವರೆಗಿನ ವಾಸದ ಮನೆಗೆ ಭೂಸ್ವರೂಪ ಬದಲಾವಣೆಯ ಅನುಮತಿಯೇ ಬೇಡ. ನೆರೆಯವರ ಮಾತಿನ ಮೂಲ ಬಹುಶಃ ಇದೇ ಇರಬೇಕು.

ತೋಟದಾರ:
ಹತ್ತು ಸೆಂಟ್ಸಿನ ಇನ್ನೊಂದು ದಾರಿಯೂ ಇದೆ. ಅದು ಕೇರಳದ 2008ರ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯಿದೆಯ 9ನೇ ಕಲಮಿನದು. ಡೇಟಾ ಬ್ಯಾಂಕಿನಲ್ಲಿ ಗದ್ದೆಯಾಗಿಯೇ ಇರುವ ಭೂಮಿಯಲ್ಲಿ ಸ್ವಂತ ವಾಸದ ಮನೆಗೆ, ಜಿಲ್ಲೆಯಲ್ಲಿ ಬೇರೆ ಯೋಗ್ಯ ಜಾಗವಿಲ್ಲದವರಿಗೆ, ಆರ್.ಡಿ.ಒ. ಅಧ್ಯಕ್ಷತೆಯ ಜಿಲ್ಲಾ ಸಮಿತಿ ಅನುಮತಿ ಕೊಡಬಹುದು. ಆದರೆ ಅದಕ್ಕೆ ಪಂಚಾಯತ್ ಅಧ್ಯಕ್ಷರು, ಕೃಷಿ ಆಫೀಸರ್, ಗ್ರಾಮಾಧಿಕಾರಿ, ಮೂವರು ಕೃಷಿಕರು ಇರುವ ಸ್ಥಳೀಯ ನಿರೀಕ್ಷಣಾ ಸಮಿತಿಯ ಶಿಫಾರಸು ಬೇಕು. ಸುತ್ತಲಿನ ಬೇಸಾಯಕ್ಕೆ ತೊಂದರೆಯಾಗಬಾರದು. ತೋಟವಾಗಿ ವರ್ಷಗಳೇ ಕಳೆದ ಜಾಗವನ್ನು ಗದ್ದೆಯೆಂದು ಒಪ್ಪಿಕೊಂಡು ಈ ದಾರಿ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ.

ಫಾರ್ಮ್ 5ರಲ್ಲಿ ಗೆಲುವು ನಿಂತಿರುವುದು ಒಂದು ತಾರೀಕಿನ ಮೇಲೆ: ಕಾಯಿದೆ ಜಾರಿಗೆ ಬಂದ 2008ರ ಆಗಸ್ಟ್ 12ರಂದು ಅದು ಬೇಸಾಯಕ್ಕೆ ಯೋಗ್ಯವಾದ ಗದ್ದೆಯಾಗಿತ್ತೇ? ನನ್ನ ಅರ್ಜಿಯ ಪರಿಶೀಲನೆಗೆ ಬಂದವರು ಜೂನ್ ತಿಂಗಳ ಜಡಿಮಳೆಯಲ್ಲಿ ರಸ್ತೆಯಲ್ಲೇ ಕೊಡೆ ಹಿಡಿದು ನಿಂತು, ಅಡಿಕೆ ಮರಗಳ ಬುಡದಲ್ಲಿ ನೀರು ಕಂಡು, ಗದ್ದೆಯೆಂದು ಬರೆದುಹೋದರು. ಜೂನಿನಲ್ಲಿ ನಮ್ಮ ಅಂಗಳದಲ್ಲೂ ನೀರು ನಿಲ್ಲುತ್ತದೆ! ಕೃಷಿ ಆಫೀಸರ್ ವರದಿಯೊಂದನ್ನೇ ನಂಬದೆ, ಆರ್.ಡಿ.ಒ. ತಾವೇ ಸ್ಥಳ ನೋಡಬೇಕು ಇಲ್ಲವೇ ಉಪಗ್ರಹ ಚಿತ್ರ ತರಿಸಬೇಕು ಎಂದು ಕೇರಳ ಹೈಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ತಿರುವನಂತಪುರದ ದೂರಸಂವೇದಿ ಕೇಂದ್ರದ ಚಿತ್ರಕ್ಕೆ ಶುಲ್ಕ ಕಟ್ಟಿ ಕೃಷಿ ಭವನದ ಮೂಲಕ ಬೇಡಿಕೆ ಸಲ್ಲಿಸಿರಿ. 2008ರ ಚಿತ್ರದಲ್ಲಿ ಅಡಿಕೆಯ ತಲೆಗಳು ಸಾಲಾಗಿ ಕಂಡರೆ ವಾದಕ್ಕೆ ಬಲ ಬರುತ್ತದೆ.

ಹಳೆಯ ಗುಮಾಸ್ತ:
ಅರ್ಜಿಯೊಂದಿಗೆ ಕೊಡುವ ವಿವರಣೆಯನ್ನು ಕನ್ನಡದಲ್ಲೇ ಬರೆಯಿರಿ. 1969ರ ಅಧಿಕೃತ ಭಾಷಾ ಕಾಯಿದೆಯಂತೆ ಇಲ್ಲಿನ ಕನ್ನಡಿಗರಿಗೆ ಆ ಹಕ್ಕಿದೆ, ಉತ್ತರವೂ ಕನ್ನಡದಲ್ಲಿ ಬರಬೇಕು.

ಬೈಲಕರೆ:
ಉಪಕಾರವಾಯಿತು. ಕೆರೆಯ ದಂಡೆಯ ಸಿಮೆಂಟಿನಲ್ಲಿ ಅಜ್ಜ ಬೆರಳಿನಿಂದ ಗೀರಿದ 2003 ಎಂಬ ಅಂಕಿ ಇನ್ನೂ ಇದೆ. ಅದರ ಫೋಟೋ ದಾಖಲೆಯಾದೀತೇ?

ತೋಟದಾರ:
ಫೋಟೋ ಇರಲಿ. ಆದರೆ ಪಂಪಿನ ಕರೆಂಟು ಸಂಪರ್ಕದ ಹಳೆಯ ರಶೀದಿ ಸಿಕ್ಕಿದರೆ ಅದನ್ನು ಮೇಲಿಡಿ.